ಕ್ರೂಸ್ ಹತ್ತಲು ಬಂದರಿಗೆ ಎಷ್ಟು ಹೊತ್ತಿಗೆ ಹೋಗಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೂಸ್ ಬುಕ್ ಮಾಡುವಾಗ ಎಲ್ಲರೂ ಕ್ಯಾಬಿನ್ ಯಾವುದು, ಬಾಲ್ಕನಿ ಇದೆಯಾ, ದುಡ್ಡೆಷ್ಟು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಹೊರಡುವುದಕ್ಕೆ ಒಂದು ವಾರ ಇರುವಾಗ ಫೋನ್ ಬರುತ್ತದೆ: "ಅಲ್ಲಾ, ಬಂದರಿಗೆ ಎಷ್ಟು ಗಂಟೆಗೆ ಹೋಗಬೇಕು?" ಈ ಒಂದು ಪ್ರಶ್ನೆಯ ಬಾಲಕ್ಕೆ ಇನ್ನೂ ಹತ್ತು ಪ್ರಶ್ನೆ ಕಟ್ಟಿಕೊಂಡಿರುತ್ತವೆ. ನಾಲ್ಕೈದು ಸಲ ಹಡಗು ಹತ್ತಿ, ಒಮ್ಮೆ ಬೆವರಿಳಿಸಿಕೊಂಡು ಓಡಿದ ಅನುಭವ ನನಗಿದೆ. ಆ ಧೈರ್ಯದ ಮೇಲೆ, ಜನ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಒಟ್ಟು ಹಾಕಿದ್ದೇನೆ. ಮೊದಲ ಸಲ ಹೋಗುವವರು ಮೇಲಿನಿಂದ ಓದಿ. ಹೋಗಿ ಬಂದವರು ಕೊನೆಯ ಭಾಗಕ್ಕೆ ಹಾರಬಹುದು.

## ಮೊದಲ ಸಲ ಹೋಗುವವರಿಗೆ

ಹಡಗು 4 ಗಂಟೆಗೆ ಹೊರಡುತ್ತೆ ಅಂತ ಟಿಕೆಟ್‌ನಲ್ಲಿದೆ. 3 ಗಂಟೆಗೆ ಹೋದ್ರೆ ಸಾಕಾ?

ಸಾಲದು. 4 ಗಂಟೆ ಹಡಗಿನ ಸಮಯ, ನಿಮ್ಮದಲ್ಲ. ನಿಮಗೆ ಸಂಬಂಧಪಟ್ಟ ಹೊತ್ತುಗಳು ಬೇರೆಯೇ ಇವೆ. ಬೋರ್ಡಿಂಗ್ ಶುರುವಾಗುವುದು ಒಂದು, ಟರ್ಮಿನಲ್‌ಗೆ ಬರಲು ನಿಮಗೆ ಕೊಟ್ಟ ಹೊತ್ತು, ಅಂದರೆ ಸ್ಲಾಟ್, ಇನ್ನೊಂದು, ಚೆಕ್-ಇನ್ ಮುಚ್ಚುವುದು ಮತ್ತೊಂದು. ಈ ಕೊನೆಯದೇ ಮುಖ್ಯ. ಹೆಚ್ಚಿನ ಹಡಗುಗಳಲ್ಲಿ ಹೊರಡುವ 60ರಿಂದ 90 ನಿಮಿಷ ಮೊದಲೇ ಚೆಕ್-ಇನ್ ಮುಚ್ಚುತ್ತದೆ. ಕೆಲವು ಕಂಪನಿಗಳು 2 ಗಂಟೆ ಮೊದಲೇ ಮುಚ್ಚುತ್ತವೆ. ಅಂದರೆ 4ರ ಹಡಗಿಗೆ 3ಕ್ಕೆ ಹೋದವರು ಬಾಗಿಲು ಹಾಕುವ ಹೊತ್ತಿಗೆ ಹೋದ ಹಾಗೆ. ದಾರಿಯಲ್ಲಿ ಒಂದು ಸಿಗ್ನಲ್ ಜಾಸ್ತಿ ನಿಂತರೂ ಕಥೆ ಮುಗಿಯಿತು.

ನಿಮ್ಮ ಬೋರ್ಡಿಂಗ್ ಪಾಸ್‌ನಲ್ಲಿ "ಎಲ್ಲರೂ ಹಡಗಿನಲ್ಲಿರಬೇಕಾದ ಸಮಯ" ಅಂತ ಒಂದು ಸಾಲು ಇರುತ್ತದೆ. ಅದನ್ನು ಹುಡುಕಿ, ಗೆರೆ ಎಳೆದಿಡಿ. ಲೆಕ್ಕ ಹಾಕುವುದಾದರೆ ಅಲ್ಲಿಂದ ಹಿಂದಕ್ಕೆ ಹಾಕಿ. ಹಡಗು ಹೊರಡುವ ಹೊತ್ತನ್ನು ಮರೆತುಬಿಡಿ. ನಾನು ಆ ಕೊನೆಯ ಹೊತ್ತಿಗಿಂತ ಎರಡು ಗಂಟೆ ಮೊದಲಾದರೂ ಟರ್ಮಿನಲ್ ಬಾಗಿಲಲ್ಲಿರುತ್ತೇನೆ.

ಹಡಗು ಅಲ್ಲೇ ನಿಂತಿರುತ್ತೆ, ಕಣ್ಣಿಗೆ ಕಾಣುತ್ತೆ. ಅಷ್ಟು ಮುಂಚೆ ಯಾಕೆ ಬಾಗಿಲು ಹಾಕ್ತಾರೆ?

ಹಡಗಿನಲ್ಲಿ ಯಾರ್ಯಾರು ಇದ್ದಾರೆ ಅನ್ನುವ ಪಟ್ಟಿ ಸರ್ಕಾರಕ್ಕೆ ಹೋಗಬೇಕು. ಅಮೆರಿಕದ ಬಂದರುಗಳಲ್ಲಿ ಹೊರಡುವ ಕನಿಷ್ಠ 60 ನಿಮಿಷ ಮೊದಲು ಈ ಪಟ್ಟಿ ಕಳಿಸಲೇಬೇಕು ಅಂತ ನಿಯಮವೇ ಇದೆ. ಪಟ್ಟಿ ಹೋದ ಮೇಲೆ ನಿಮ್ಮ ಹೆಸರು ಸೇರಿಸುವುದು ಕೌಂಟರಿನ ಹುಡುಗಿಯ ಕೈಯಲ್ಲಿಲ್ಲ, ಎಷ್ಟು ಅತ್ತರೂ ಅಷ್ಟೇ. ಇದರ ಜೊತೆಗೆ ಹಡಗನ್ನು ಬಂದರಿನಿಂದ ಹೊರಗೆ ದಾಟಿಸುವ ಪೈಲಟ್ ಇಂಥ ಹೊತ್ತಿಗೆ ಬರಬೇಕು ಅಂತ ನಿಗದಿಯಾಗಿರುತ್ತದೆ. ಹತ್ತುವ ಸೇತುವೆ ತೆಗೆಯಬೇಕು, ಹಗ್ಗ ಬಿಚ್ಚಬೇಕು. ಇದೆಲ್ಲ ನಡೆಯುವಾಗ ಹಡಗು ನಮ್ಮ ಕಣ್ಣಿಗೆ ಸುಮ್ನೆ ನಿಂತ ಹಾಗೇ ಕಾಣುತ್ತದೆ.

ಹಾಗಾದ್ರೆ ಬೆಳಿಗ್ಗೆ 8ಕ್ಕೇ ಹೋಗಿ ಕೂತುಬಿಟ್ರೆ ಒಳ್ಳೇದಲ್ವಾ?

ಇದು ಇನ್ನೊಂದು ಕಡೆಯ ತಪ್ಪು. ನಿಮ್ಮ ಹಡಗು ಅವತ್ತು ಬೆಳಗಿನ ಜಾವವೇ ಹಳೇ ಪ್ರಯಾಣಿಕರನ್ನು ತುಂಬಿಕೊಂಡು ಬಂದಿರುತ್ತದೆ. ಅವರೆಲ್ಲ ಇಳಿಯಬೇಕು, ಕ್ಯಾಬಿನ್ ಗುಡಿಸಿ ಒರೆಸಬೇಕು, ವಾರಕ್ಕಾಗುವ ಸಾಮಾನು ಏರಿಸಬೇಕು. 2024ರ ಜನವರಿಯಲ್ಲಿ ಓಡಾಟ ಶುರು ಮಾಡಿದ 'ಐಕಾನ್ ಆಫ್ ದಿ ಸೀಸ್' ಹಡಗನ್ನೇ ತಗೊಳ್ಳಿ. ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,610 ಜನ. ಅಷ್ಟು ಜನ ಇಳಿದು, ಅಷ್ಟೇ ಜನ ಹತ್ತಬೇಕು, ಒಂದೇ ದಿನದಲ್ಲಿ.

8 ಗಂಟೆಗೆ ಟರ್ಮಿನಲ್ ಮುಂದೆ ಹೋಗಿ ನೋಡಿ. ಮೈ ಕೆಂಪಗೆ ಸುಟ್ಟುಕೊಂಡ ಜನ, ತಲೆ ಮೇಲೆ ಹುಲ್ಲಿನ ಟೋಪಿ, ಕೈಯಲ್ಲಿ ಎರಡೆರಡು ಸೂಟ್‌ಕೇಸ್, ಟ್ಯಾಕ್ಸಿ ಹುಡುಕುತ್ತಾ ನಿಮ್ಮ ಎದುರಿಗೇ ನುಗ್ಗುತ್ತಾರೆ. ಹತ್ತುವವರಿಗೆ ಒಳಗೆ ಬಿಡುವುದಿಲ್ಲ. ಕೂರಲು ಜಾಗ ಇರುವುದಿಲ್ಲ, ಎಷ್ಟೋ ಕಡೆ ನೆರಳೂ ಇರುವುದಿಲ್ಲ. ಬೋರ್ಡಿಂಗ್ ಶುರುವಾಗುವುದು ಸಾಮಾನ್ಯವಾಗಿ 10:30ರಿಂದ 11:30ರ ನಡುವೆ. ಅದಕ್ಕಿಂತ ಮೊದಲು ಹೋಗಿ ಪ್ರಯೋಜನವಿಲ್ಲ.

ಸ್ಲಾಟ್ ಅಂತ ಆರಿಸೋಕೆ ಹೇಳ್ತಿದೆ ಆ್ಯಪ್. ಯಾವುದು ತಗೊಳ್ಳೋದು? ಆ ಹೊತ್ತಿಗೇ ಹೋಗಬೇಕಾ?

ಆನ್‌ಲೈನ್ ಚೆಕ್-ಇನ್ ಮಾಡುವಾಗ ಅರ್ಧರ್ಧ ಗಂಟೆಯ ಸ್ಲಾಟ್‌ಗಳು ಕಾಣುತ್ತವೆ. ಬೆಳಗಿನವು ಬೇಗ ಖಾಲಿಯಾಗುತ್ತವೆ. ಹಾಗಾಗಿ ಚೆಕ್-ಇನ್ ತೆರೆಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಅವತ್ತೇ ಕೂತು ಮಾಡಿ. ಪಾಸ್‌ಪೋರ್ಟ್ ವಿವರ, ಫೋಟೋ ಎಲ್ಲ ಆಗಲೇ ತುಂಬಿದ್ದರೆ ಟರ್ಮಿನಲ್‌ನಲ್ಲಿ ಕೆಲಸ ಹತ್ತು ನಿಮಿಷದ್ದು.

ನಿಮಗೆ ಸಿಕ್ಕ ಸ್ಲಾಟ್‌ಗಿಂತ ಮೊದಲು ಹೋದರೆ ಕೆಲವು ಕಡೆ ಬಿಡುತ್ತಾರೆ, ಕೆಲವು ಕಡೆ ಪಕ್ಕಕ್ಕೆ ನಿಲ್ಲಿಸುತ್ತಾರೆ. ಅದೃಷ್ಟ ನಂಬಿಕೊಂಡು ಹೋಗಬೇಡಿ. ಸ್ಲಾಟ್ ದಾಟಿ ಹೋದರೆ ಮಾತ್ರ ಯಾರೂ ವಾಪಸ್ ಕಳಿಸುವುದಿಲ್ಲ, ಚೆಕ್-ಇನ್ ಮುಚ್ಚುವ ಹೊತ್ತಿನೊಳಗೆ ಇದ್ದರಾಯಿತು. ಹಾಗಾಗಿ 1 ಗಂಟೆಯ ಸ್ಲಾಟ್ ಇದ್ದು 1:40ಕ್ಕೆ ತಲುಪಿದರೆ ಗಾಬರಿ ಬೇಡ.

ಬೇಗ ಹತ್ತಿದ್ರೂ ಕ್ಯಾಬಿನ್ ಕೊಡಲ್ವಂತೆ. ಮತ್ಯಾಕೆ ಬೇಗ ಹೋಗೋದು?

ನಿಜ, ಕ್ಯಾಬಿನ್ ಸಿಗುವುದು ಮಧ್ಯಾಹ್ನ 1ರಿಂದ 2ರ ಸುಮಾರಿಗೆ. ಆದರೆ 11:30ಕ್ಕೆ ಹತ್ತಿದವರಿಗೆ ಹಡಗು ಅರ್ಧ ಖಾಲಿ ಸಿಗುತ್ತದೆ. ಈಜುಕೊಳ ಖಾಲಿ, ಊಟದ ಸಾಲು ಚಿಕ್ಕದು, ಸಂಜೆಯ ಪ್ರದರ್ಶನಕ್ಕೆ ಜಾಗ ಕಾಯ್ದಿರಿಸಬಹುದು. ಊಟದ ದುಡ್ಡು ಟಿಕೆಟ್‌ನಲ್ಲೇ ಸೇರಿದೆ, ಹೊರಗೆ ಯಾಕೆ ಉಣ್ಣಬೇಕು ಅನ್ನುವವರೂ ಇದ್ದಾರೆ. ನಾನೂ ಅದೇ ಜಾತಿ.

ಸೂಟ್‌ಕೇಸ್ ಹೊತ್ತುಕೊಂಡೇ ಹತ್ತಬೇಕಾ?

ಬೇಡ. ಟರ್ಮಿನಲ್ ಹೊರಗೆ ಪೋರ್ಟರ್‌ಗಳು ಇರುತ್ತಾರೆ. ನಿಮ್ಮ ಕ್ಯಾಬಿನ್ ನಂಬರ್ ಇರುವ ಟ್ಯಾಗ್ ಹಾಕಿ ಕೊಟ್ಟರೆ ಅದು ತಾನಾಗಿ ಕ್ಯಾಬಿನ್ ಬಾಗಿಲಿಗೆ ಬರುತ್ತದೆ. ಆದರೆ ಬರುವುದು ಸಂಜೆಯೊಳಗೆ ಯಾವಾಗಲಾದರೂ.

ಇಲ್ಲೊಂದು ಎಚ್ಚರ. ನಮ್ಮ ಜೊತೆ ಬಂದಿದ್ದ ಒಬ್ಬರು ಪಾಸ್‌ಪೋರ್ಟನ್ನು "ಭದ್ರವಾಗಿರಲಿ" ಅಂತ ಸೂಟ್‌ಕೇಸಿನ ಒಳಗಿನ ಜಿಪ್‌ನಲ್ಲಿಟ್ಟು, ಆ ಸೂಟ್‌ಕೇಸನ್ನು ಪೋರ್ಟರ್‌ಗೆ ಕೊಟ್ಟುಬಿಟ್ಟರು. ಕೌಂಟರಿನಲ್ಲಿ ನಿಂತಾಗ ನೆನಪಾಯಿತು. ಅಷ್ಟರಲ್ಲಿ ಅದು ಕಬ್ಬಿಣದ ಜಾಲರಿ ಗಾಡಿಯೊಳಗೆ ನೂರಾರು ಕಪ್ಪು ಸೂಟ್‌ಕೇಸ್‌ಗಳ ಮಧ್ಯೆ ಸೇರಿಹೋಗಿತ್ತು. ಒಬ್ಬ ಸಿಬ್ಬಂದಿ ಮೂರು ಗಾಡಿ ಇಳಿಸಿ ಹುಡುಕಿದರು. ಒಂದೂವರೆ ಗಂಟೆ ಹಿಡಿಯಿತು. ನಾವು 12ಕ್ಕೇ ಹೋಗಿದ್ದರಿಂದ ಬಚಾವ್. ಪಾಸ್‌ಪೋರ್ಟ್, ಔಷಧಿ, ಚಾರ್ಜರ್, ಒಂದು ಜೊತೆ ಬಟ್ಟೆ ಯಾವಾಗಲೂ ಹೆಗಲ ಚೀಲದಲ್ಲಿರಲಿ.

## ದಾರಿಯ ಲೆಕ್ಕ

ಹಡಗು ಹೊರಡೋ ದಿನ ಬೆಳಿಗ್ಗೆ ಫ್ಲೈಟ್ ಇಳಿದು ನೇರ ಬಂದರಿಗೆ ಹೋಗಬಹುದಾ?

ಆಗುತ್ತದೆ, ಸಾವಿರಾರು ಜನ ಮಾಡುತ್ತಾರೆ. ನಾನಂತೂ ಬೇಡ ಅನ್ನುತ್ತೇನೆ. ನಾನು ಓಡಿದ್ದು ಈ ಬುದ್ಧಿವಂತಿಕೆಯಿಂದಲೇ.

ಆ ದಿನ ವಿಮಾನ 9:40ಕ್ಕೆ ಇಳಿಯಬೇಕಿತ್ತು, ಹಡಗಿನ ಚೆಕ್-ಇನ್ 3ಕ್ಕೆ ಮುಚ್ಚುತ್ತಿತ್ತು. ಕಾಗದದ ಮೇಲೆ ಐದು ಗಂಟೆ ಇಪ್ಪತ್ತು ನಿಮಿಷ, ರಾಜಭೋಗ. ವಿಮಾನ ಎರಡು ಗಂಟೆ ತಡವಾಗಿ ಹೊರಟಿತು. ಇಮಿಗ್ರೇಷನ್ ಸಾಲು ಹಾವಿನ ಹಾಗೆ ಸುತ್ತಿತ್ತು. ಬೆಲ್ಟ್ ಮೇಲೆ ನಮ್ಮ ಎರಡನೇ ಸೂಟ್‌ಕೇಸ್ ಎಲ್ಲರದ್ದೂ ಬಂದ ಮೇಲೆ ಬಂತು. ಟ್ಯಾಕ್ಸಿಯಲ್ಲಿ ಕೂತಾಗ 1:30. ಟರ್ಮಿನಲ್ ಒಳಗೆ ಕಾಲಿಟ್ಟಾಗ 2:45. ಕ್ಯೂ ಕಟ್ಟುವ ಹಗ್ಗಗಳನ್ನು ಅಷ್ಟರಲ್ಲಿ ಸುತ್ತಿಡುತ್ತಿದ್ದರು. ಹಡಗು ಸಿಕ್ಕಿತು. ಆದರೆ ಮೊದಲ ಸಂಜೆ ಸಮುದ್ರ ನೋಡುವ ಬದಲು ತಲೆನೋವಿನ ಮಾತ್ರೆ ನುಂಗಿ ಮಲಗಿದೆ.

ಹಿಂದಿನ ದಿನವೇ ಬಂದರಿನ ಊರಿಗೆ ಹೋಗಿ ಮಲಗಿ. ಒಂದು ರಾತ್ರಿಯ ಹೋಟೆಲ್ ಬಾಡಿಗೆ ಇಡೀ ಪ್ರಯಾಣದ ಖರ್ಚಿನ ಮುಂದೆ ಚಿಕ್ಕದು. ಬೇರೆ ಖಂಡದಿಂದ ಹಾರಿ ಬರುವವರಿಗೆ, ಮಧ್ಯೆ ವಿಮಾನ ಬದಲಿಸುವವರಿಗೆ, ಚಳಿಗಾಲದಲ್ಲಿ ಹಿಮ ಬೀಳುವ ಊರಿನ ಮೇಲೆ ಹಾದು ಬರುವವರಿಗೆ ಎರಡು ದಿನ ಮೊದಲು ಅಂದರೂ ಜಾಸ್ತಿಯಲ್ಲ. ಅದೇ ದಿನ ಹೋಗಲೇಬೇಕು ಅಂದರೆ ದಿನದ ಮೊದಲ ವಿಮಾನ, ನೇರ ವಿಮಾನ ಹಿಡಿಯಿರಿ. ಅದು ರದ್ದಾದರೂ ಹಿಂದೆ ಇನ್ನೊಂದು ಇರುವ ಹಾಗೆ ನೋಡಿಕೊಳ್ಳಿ.

ಏರ್‌ಪೋರ್ಟ್‌ನಿಂದ ಬಂದರಿಗೆ ಅರ್ಧ ಗಂಟೆ ಸಾಕಲ್ವಾ?

ಊರಿನ ಮೇಲೆ ಹೋಗುತ್ತದೆ. ಅಮೆರಿಕದ ಫ್ಲಾರಿಡಾದ ಫೋರ್ಟ್ ಲಾಡರ್ಡೇಲ್‌ನಲ್ಲಿ ವಿಮಾನ ನಿಲ್ದಾಣಕ್ಕೂ ಪೋರ್ಟ್ ಎವರ್‌ಗ್ಲೇಡ್ಸ್ ಬಂದರಿಗೂ ಕೂಗಳತೆ ದೂರ. ಅದೇ ಫ್ಲಾರಿಡಾದಲ್ಲಿ ಒರ್ಲ್ಯಾಂಡೊಗೆ ಇಳಿದರೆ ಪೋರ್ಟ್ ಕೆನಾವೆರಲ್ ಸುಮಾರು 70 ಕಿ.ಮೀ. ಲಂಡನ್ನಿನ ಹೀಥ್ರೂನಿಂದ ಸೌತಾಂಪ್ಟನ್ ನೂರು ಕಿ.ಮೀ. ದಾಟುತ್ತದೆ.

ಇನ್ನೂ ಮೋಸ ಮಾಡುವುದು ಬ್ರೋಷರಿನ ಹೆಸರುಗಳು. "ರೋಮ್" ಅಂತ ಬರೆದಿದ್ದರೆ ಹಡಗು ನಿಲ್ಲುವುದು ಚಿವಿಟಾವೆಕ್ಕಿಯಾದಲ್ಲಿ, ರೋಮ್‌ನಿಂದ ಸುಮಾರು 70 ಕಿ.ಮೀ. ಆಚೆ. "ಪ್ಯಾರಿಸ್" ಅಂದರೆ ಲ ಆವ್ರ್, ಸುಮಾರು 200 ಕಿ.ಮೀ. "ಬರ್ಲಿನ್" ಅಂದರೆ ವಾರ್ನೆಮ್ಯುಂಡೆ, ಅದು ಇನ್ನೂ ದೂರ. ವೆನಿಸ್‌ನದ್ದು ಬೇರೆ ಕಥೆ. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ಊರಿನ ನಡುವಿನ ಕಾಲುವೆಗೆ ಬರುವ ಹಾಗಿಲ್ಲ. ಹಾಗಾಗಿ "ವೆನಿಸ್" ಅಂತ ಮಾರುವ ಕೆಲವು ಕ್ರೂಸ್‌ಗಳು ರವೆನ್ನಾದಿಂದಲೋ ಟ್ರಿಯೆಸ್ಟ್‌ನಿಂದಲೋ ಹೊರಡುತ್ತವೆ. ಎರಡೂ ನೂರು ಕಿ.ಮೀ. ಮೇಲೆ. ಊರಿನ ಹೆಸರು ನೋಡಿ ಹೋಟೆಲ್ ಹಿಡಿಯಬೇಡಿ, ಬಂದರಿನ ಹೆಸರು ನೋಡಿ ಹಿಡಿಯಿರಿ.

ಬಂದರು ತಲುಪಿದ್ರೆ ಆಯ್ತಲ್ಲ, ಟರ್ಮಿನಲ್ ಹುಡುಕೋದೇನು ಕಷ್ಟ?

ಸೌತಾಂಪ್ಟನ್ನಿನಲ್ಲಿ ಕ್ರೂಸ್ ಟರ್ಮಿನಲ್ ಐದಿವೆ. ಸಿಂಗಪುರದಲ್ಲಿ ಹಾರ್ಬರ್‌ಫ್ರಂಟ್ ಒಂದು, ಮರೀನಾ ಬೇ ಇನ್ನೊಂದು, ಎರಡೂ ಬೇರೆ ಬೇರೆ ಜಾಗ. ಟ್ಯಾಕ್ಸಿಯವರಿಗೆ "ಕ್ರೂಸ್ ಸೆಂಟರ್" ಅಂದರೆ ಅವರಿಗೆ ತೋಚಿದ ಕಡೆ ಇಳಿಸುತ್ತಾರೆ. ಹಡಗಿನ ಹೆಸರು, ಟರ್ಮಿನಲ್ ಹೆಸರು ಎರಡನ್ನೂ ಹೇಳಿ. ಕೊನೆಯ ಗಳಿಗೆಯಲ್ಲಿ ಟರ್ಮಿನಲ್ ಬದಲಾಗುವುದೂ ಉಂಟು. ಹಿಂದಿನ ರಾತ್ರಿ ಮತ್ತು ಹೊರಡುವ ಬೆಳಿಗ್ಗೆ ಇಮೇಲ್, ಆ್ಯಪ್ ಒಮ್ಮೆ ನೋಡಿ.

ನಾವು ಕಾರಲ್ಲಿ ಹೋಗ್ತೀವಿ. ಫ್ಲೈಟ್ ಗೊಡವೆ ಇಲ್ಲ. ಎಷ್ಟು ಮುಂಚೆ ಹೊರಡಬೇಕು?

ಮ್ಯಾಪ್ ತೋರಿಸುವ ಹೊತ್ತಿನ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಪಾರ್ಕಿಂಗ್‌ಗೆ ಬೇರೆ ಅರ್ಧ ಗಂಟೆ. ಬಂದರಿನ ಹೊರಗೆ ನಿಲ್ಲಿಸಿದರೆ ಅಲ್ಲಿಂದ ವ್ಯಾನ್ ಕಾಯಬೇಕು, ಅದಕ್ಕೂ ಅಷ್ಟೇ. ಮೊದಲು ಮನೆಯವರನ್ನೂ ಲಗೇಜನ್ನೂ ಟರ್ಮಿನಲ್ ಮುಂದೆ ಇಳಿಸಿ, ಆಮೇಲೆ ಒಬ್ಬರು ಕಾರು ನಿಲ್ಲಿಸಿ ಬರುವುದು ಸುಲಭ. ಆದರೆ ಅವರ ಪಾಸ್‌ಪೋರ್ಟ್ ಅವರ ಜೇಬಲ್ಲೇ ಇರಲಿ.

ಅಮ್ಮನಿಗೆ ತುಂಬಾ ಹೊತ್ತು ನಿಲ್ಲೋಕಾಗಲ್ಲ. ಯಾವ ಹೊತ್ತು ಒಳ್ಳೇದು?

ಮಧ್ಯಾಹ್ನ 1:30ರ ನಂತರ. ಬೋರ್ಡಿಂಗ್ ಶುರುವಾದ ಮೊದಲೆರಡು ಗಂಟೆ ನೂಕುನುಗ್ಗಲು ಜಾಸ್ತಿ. ಆಮೇಲೆ ಸಾಲು ಕರಗುತ್ತದೆ, ಹತ್ತಿದ ಕೂಡಲೇ ಕ್ಯಾಬಿನ್ನೂ ಸಿಗುತ್ತದೆ, ಅಮ್ಮ ಹಾಸಿಗೆ ಮೇಲೆ ಕಾಲು ಚಾಚಬಹುದು. ವ್ಹೀಲ್‌ಚೇರ್ ಬೇಕಿದ್ದರೆ ಕಂಪನಿಗೆ ವಾರಗಳ ಮೊದಲೇ ತಿಳಿಸಿಡಿ. ಅಲ್ಲಿ ಹೋಗಿ ಕೇಳಿದರೂ ಕೊಡುತ್ತಾರೆ, ಆದರೆ ತಳ್ಳುವವರು ಬಿಡುವಾಗುವ ತನಕ ಕಾಯಬೇಕು.

## ಎಡವಟ್ಟಾದಾಗ

ಹಡಗೇ ತಡವಾಗಿ ಬರ್ತಿದೆ ಅಂತ ಮೆಸೇಜ್ ಬಂತು. ಈಗ ಏನ್ಮಾಡೋದು?

ಅವರು ಹೇಳಿದ ಹೊಸ ಹೊತ್ತಿಗೆ ಹೋಗಿ. ಮಂಜು ಕವಿದರೆ ಬಂದರಿನ ದಾರಿಯನ್ನೇ ಮುಚ್ಚುತ್ತಾರೆ. ಅಮೆರಿಕದ ಗ್ಯಾಲ್ವೆಸ್ಟನ್, ಟ್ಯಾಂಪಾ ಬಂದರುಗಳಲ್ಲಿ ಚಳಿಗಾಲದಲ್ಲಿ ಇದು ಮಾಮೂಲು. ಹಡಗು ಹೊರಗೆ ಸಮುದ್ರದಲ್ಲೇ ಮಂಜು ತಿಳಿಯಾಗುವುದನ್ನು ಕಾಯುತ್ತಾ ನಿಂತಿರುತ್ತದೆ. ಇಂಥ ದಿನ ಹಳೇ ಸ್ಲಾಟ್‌ಗೇ ಹೋದರೆ ಟರ್ಮಿನಲ್ ಮುಂದೆ ಲಗೇಜ್ ಮೇಲೆ ಕೂತು ಹಗಲು ಕಳೆಯಬೇಕು. ಹೋಟೆಲಿನವರನ್ನು ಕೇಳಿ, ರೂಮ್ ಇನ್ನೆರಡು ಗಂಟೆ ಇಟ್ಟುಕೊಳ್ಳಿ. ಆದರೆ ಬಂದರಿನ ಊರು ಬಿಟ್ಟು ದೂರ ಹೋಗಬೇಡಿ. ಮಂಜು ಕರಗಿದರೆ ಎಲ್ಲ ಕೆಲಸವೂ ಭರಭರ ನಡೆಯುತ್ತದೆ.

ನಾವೇ ತಡವಾಗ್ತಿದ್ದೀವಿ. ಹಡಗು ಕಾಯುತ್ತಾ?

ಕಾಯುತ್ತದೆ ಅಂತ ನಂಬಿ ಕೂರಬೇಡಿ. ಟಿಕೆಟ್ ಜೊತೆ ಬಂದ ತುರ್ತು ನಂಬರಿಗೆ ತಕ್ಷಣ ಫೋನ್ ಮಾಡಿ, ಎಲ್ಲಿದ್ದೀರಿ, ಎಷ್ಟು ಜನ, ಯಾವ ಫ್ಲೈಟ್ ಅಂತ ಹೇಳಿ. ಒಂದೇ ವಿಮಾನದಲ್ಲಿ ಐವತ್ತು ಪ್ರಯಾಣಿಕರು ಸಿಕ್ಕಿಬಿದ್ದಿದ್ದರೆ ಒಮ್ಮೊಮ್ಮೆ ಅರ್ಧ ಗಂಟೆ ತಡೆಯುತ್ತಾರೆ. ಇಬ್ಬರಿಗಾಗಿ ತಡೆಯುವುದು ಅಪರೂಪ. ವಿಮಾನವನ್ನೂ ಕ್ರೂಸ್ ಕಂಪನಿಯ ಮೂಲಕವೇ ಬುಕ್ ಮಾಡಿದ್ದರೆ ಹಡಗು ತಪ್ಪಿದ ಮೇಲೆ ನಿಮ್ಮನ್ನು ಮುಂದಕ್ಕೆ ಸೇರಿಸುವ ತಲೆನೋವು ಅವರದ್ದೂ ಆಗುತ್ತದೆ. ನೀವೇ ಮಾಡಿಕೊಂಡಿದ್ದರೆ ತಲೆಯೂ ನಿಮ್ಮದೇ, ನೋವೂ ನಿಮ್ಮದೇ.

ತಪ್ಪಿದ್ರೆ ತಪ್ಪಲಿ, ಮುಂದಿನ ಬಂದರಲ್ಲಿ ಹತ್ತಿದ್ರೆ ಆಯ್ತು. ಸರಿ ತಾನೇ?

ಯಾವಾಗಲೂ ಆಗುವುದಿಲ್ಲ. ಅಮೆರಿಕದಲ್ಲಿ 1886ರ ಒಂದು ಹಳೇ ಕಾನೂನಿದೆ. ವಿದೇಶಿ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಿಂದ ಜನರನ್ನು ಹತ್ತಿಸಿಕೊಂಡು ಅದೇ ದೇಶದ ಇನ್ನೊಂದು ಬಂದರಿನಲ್ಲಿ ಇಳಿಸಬೇಕಾದರೆ, ನಡುವೆ ದೂರದ ವಿದೇಶಿ ಬಂದರೊಂದನ್ನು ಮುಟ್ಟಿರಬೇಕು. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ವಿದೇಶಿ ಬಾವುಟದವೇ. ಸಿಯಾಟಲ್‌ನಿಂದ ಅಲಾಸ್ಕಾಗೆ ಹೋಗಿ ಸಿಯಾಟಲ್‌ಗೇ ಮರಳುವ ಕ್ರೂಸ್ ತಪ್ಪಿಸಿಕೊಂಡಿರಿ ಅನ್ನಿ. ಅಲಾಸ್ಕಾದ ಜೂನೋಗೆ ವಿಮಾನದಲ್ಲಿ ಹಾರಿ ಅಲ್ಲಿ ಹತ್ತಿದರೆ, ಜೂನೋದಿಂದ ಸಿಯಾಟಲ್‌ಗೆ ಪ್ರಯಾಣ ಮಾಡಿದ ಹಾಗಾಯಿತು. ಅದು ಕಾನೂನಿಗೆ ವಿರುದ್ಧ, ಹಡಗಿನವರು ಹತ್ತಿಸುವುದೇ ಇಲ್ಲ. ಅದೇ ಕ್ರೂಸ್ ಕೆನಡಾದ ವ್ಯಾಂಕೂವರ್‌ನಲ್ಲಿ ಮುಗಿಯುವುದಾಗಿದ್ದರೆ ಈ ಕಾನೂನು ಅಡ್ಡ ಬರುವುದಿಲ್ಲ.

ಬೇರೆ ದೇಶದ ಬಂದರಿನಲ್ಲಿ ಹತ್ತುವುದಾದರೆ ವೀಸಾ ನೋಡಿಕೊಳ್ಳಿ. ಹಡಗಿನಲ್ಲಿ ಬಂದು ಕೆಲವು ಗಂಟೆ ಇಳಿಯುವವರಿಗೆ ಕೊಡುವ ಸಡಿಲಿಕೆ, ವಿಮಾನದಲ್ಲಿ ಬಂದು ಇಳಿಯುವವರಿಗೆ ಇರಬೇಕೆಂದಿಲ್ಲ. ಹಾರುವ ಮೊದಲು ಹಡಗಿನ ಕಂಪನಿಯ ಒಪ್ಪಿಗೆಯನ್ನೂ ಪಡೆಯಿರಿ.

ಇನ್ಶೂರೆನ್ಸ್ ಇದೆಯಲ್ಲ, ಅದು ಕೊಡುತ್ತೆ ಬಿಡಿ ಅಂತಾರೆ ನಮ್ಮನೆಯವರು

ಕೊಡಬಹುದು. ಆದರೆ ಪಾಲಿಸಿಯ ಸಣ್ಣ ಅಕ್ಷರ ಓದಿ. ಎಷ್ಟೋ ಪಾಲಿಸಿಗಳು ವಿಮಾನ ಇಂತಿಷ್ಟು ಗಂಟೆಗಿಂತ ಜಾಸ್ತಿ ತಡವಾದರೆ ಮಾತ್ರ ದುಡ್ಡು ಕೊಡುತ್ತವೆ. ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿರಿ, ಬೆಳಿಗ್ಗೆ ಎಚ್ಚರವಾಗಲಿಲ್ಲ ಅಂದರೆ ಕೈ ಎತ್ತುತ್ತವೆ. ಏರ್‌ಲೈನ್‌ನಿಂದ ತಡದ ಕಾರಣ ಬರೆಸಿಕೊಂಡು ಇಟ್ಟುಕೊಳ್ಳಿ.

## ಹೋಗಿ ಬಂದವರ ಪ್ರಶ್ನೆಗಳು

ಕೊನೇಲಿ ಹೋದ್ರೆ ಕ್ಯೂನೇ ಇರಲ್ಲ. ಬೇಕಂತಲೇ ಲೇಟಾಗಿ ಹೋದ್ರೆ?

ಬಂದರಿನ ಪಕ್ಕದಲ್ಲೇ ತಂಗಿದ್ದೀರಿ, ಕಾಗದಪತ್ರ ಪಕ್ಕಾ ಇದೆ ಅಂದರೆ ಇದು ಕೆಟ್ಟ ಉಪಾಯವಲ್ಲ. ಚೆಕ್-ಇನ್ ಮುಚ್ಚುವ ಒಂದು ಗಂಟೆ ಮೊದಲು ಎಷ್ಟೋ ಟರ್ಮಿನಲ್‌ಗಳು ಖಾಲಿ ಹೊಡೆಯುತ್ತಿರುತ್ತವೆ. ಆದರೆ ಟಿಕೆಟ್‌ನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ತಾಳೆಯಾಗಲಿಲ್ಲ ಅನ್ನುವಂಥ ಸಣ್ಣ ಗಂಟು ಬಿದ್ದರೂ ಬಿಚ್ಚಲು ಹೊತ್ತು ಉಳಿದಿರುವುದಿಲ್ಲ.

ಇನ್ನೊಂದು, ಸುರಕ್ಷತಾ ಡ್ರಿಲ್, ಅಂದರೆ ಅಪಾಯವಾದರೆ ಎಲ್ಲಿ ಸೇರಬೇಕು, ಏನು ಮಾಡಬೇಕು ಅಂತ ಪ್ರಯಾಣಿಕರಿಗೆ ಮಾಡಿಸುವ ಅಭ್ಯಾಸ. 2012ರ ಜನವರಿ 13ರಂದು ಕೋಸ್ಟಾ ಕಾಂಕೋರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅವತ್ತೇ ಚಿವಿಟಾವೆಕ್ಕಿಯಾದಲ್ಲಿ ಹತ್ತಿದ್ದ ಸುಮಾರು 700 ಜನರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಗ ಇದ್ದ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2015ರ ಜನವರಿ 1ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಆಗಬೇಕು ಅಂತ ಅಂತರರಾಷ್ಟ್ರೀಯ ನಿಯಮ ಬದಲಾಯಿತು. ಈಗ ಬಹಳ ಹಡಗುಗಳಲ್ಲಿ ಫೋನಿನಲ್ಲೋ ಟಿವಿಯಲ್ಲೋ ವಿಡಿಯೋ ನೋಡಿ, ನಿಮ್ಮ ಸೇರುವ ಜಾಗಕ್ಕೆ ಹೋಗಿ ಮುಖ ತೋರಿಸಿ ಬಂದರಾಯಿತು. ಕೊನೆಯಲ್ಲಿ ಹತ್ತಿದರೆ ಚೀಲ ಹೆಗಲಲ್ಲಿದ್ದ ಹಾಗೇ ಅಲ್ಲಿಗೆ ಓಡಬೇಕಾಗುತ್ತದೆ.

ಗಡಿಯಾರದ ಗೊಂದಲ ಆಗುತ್ತಂತೆ. ಹೇಗೆ?

ಎರಡು ರೀತಿ. ಒಂದು, ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ, ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಭಾನುವಾರ ಹೊರಡುವ ಕ್ರೂಸ್‌ಗಳೂ ಬಹಳ. ಕೈಗಡಿಯಾರ ನಂಬಿದವರಿಗೆ ಒಂದು ಗಂಟೆ ಕೈಕೊಡುತ್ತದೆ.

ಎರಡನೆಯದು ನಡುವಿನ ಬಂದರುಗಳಲ್ಲಿ ಇಳಿದಾಗ. ಹಡಗಿನ ಸಮಯ ಬೇರೆ, ಆ ಊರಿನ ಸಮಯ ಬೇರೆ ಇರಬಹುದು. ಫೋನ್ ತಾನಾಗಿ ಊರಿನ ಸಮಯಕ್ಕೆ ಬದಲಾಗುತ್ತದೆ. ಹಡಗು ಹೊರಡುವುದು ಹಡಗಿನ ಸಮಯಕ್ಕೆ. ಇಳಿಯುವ ಬಾಗಿಲಲ್ಲಿ ಹಾಕಿರುವ ಬೋರ್ಡಿನ ಫೋಟೋ ತೆಗೆದುಕೊಳ್ಳಿ. ಅಲ್ಲಿ ಸಾಮಾನ್ಯವಾಗಿ ಹೊರಡುವ ಅರ್ಧ ಗಂಟೆ ಮೊದಲೇ ಎಲ್ಲರೂ ಹತ್ತಿರಬೇಕು. ಬಾರದವರ ಕ್ಯಾಬಿನ್ ತೆರೆದು ತಿಜೋರಿಯಿಂದ ಪಾಸ್‌ಪೋರ್ಟ್ ತೆಗೆದು ದಡದ ಏಜೆಂಟರ ಕೈಗೆ ಕೊಟ್ಟು ಹೊರಡುವುದೂ ಉಂಟು. ಮೇಲಿನ ಡೆಕ್‌ನಲ್ಲಿ ಸಾಲಾಗಿ ನಿಂತು, ಕಟ್ಟೆಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುವವರಿಗೆ ಚಪ್ಪಾಳೆ ತಟ್ಟುವುದು ಕ್ರೂಸ್ ಜನರ ಒಂದು ಕೆಟ್ಟ ಹವ್ಯಾಸ. ನಾನೂ ತಟ್ಟಿದ್ದೇನೆ.

ನದಿ ಕ್ರೂಸ್‌ಗೂ ಅಂಟಾರ್ಕ್ಟಿಕಾ ಹಡಗಿಗೂ ಇದೇ ಲೆಕ್ಕಾನಾ?

ನದಿ ದೋಣಿಗಳಲ್ಲಿ ನೂರಾ ಐವತ್ತು, ಇನ್ನೂರು ಜನ ಅಷ್ಟೇ. ದೊಡ್ಡ ಟರ್ಮಿನಲ್ ಇಲ್ಲ, ಉದ್ದ ಸಾಲಿಲ್ಲ. ಕ್ಯಾಬಿನ್ ಸಿಗುವುದು ಮಧ್ಯಾಹ್ನ 3ರ ಸುಮಾರಿಗೆ. ಮೊದಲೇ ಹೋದರೆ ಲಗೇಜ್ ಇಟ್ಟುಕೊಂಡು ಊರು ಸುತ್ತಿ ಬನ್ನಿ ಅನ್ನುತ್ತಾರೆ. ತೊಂದರೆ ಬೇರೆ ಕಡೆ. ದಡದಲ್ಲಿ ಎರಡು ಮೂರು ದೋಣಿಗಳನ್ನು ಪಕ್ಕಪಕ್ಕ ಕಟ್ಟಿರುತ್ತಾರೆ. ನಿಮ್ಮದು ಮೂರನೆಯದಾದರೆ ಮೊದಲ ಎರಡನ್ನು ದಾಟಿಕೊಂಡೇ ಹೋಗಬೇಕು. ಎಷ್ಟನೇ ಕಟ್ಟೆ ಅಂತ ಬರೆದುಕೊಳ್ಳದಿದ್ದರೆ ನದಿಯುದ್ದಕ್ಕೂ ಸೂಟ್‌ಕೇಸ್ ಎಳೆಯುತ್ತಾ ನಡೆಯುವ ಭಾಗ್ಯ.

ಅಂಟಾರ್ಕ್ಟಿಕಾ ಹಡಗುಗಳು ಹೆಚ್ಚಾಗಿ ಅರ್ಜೆಂಟೀನಾದ ಉಶುವಾಯಾದಿಂದ ಹೊರಡುತ್ತವೆ, ಹತ್ತಿಸಿಕೊಳ್ಳುವುದು ಮಧ್ಯಾಹ್ನ. ಅಲ್ಲಿ ಹಿಂದಿನ ದಿನವೇ ಊರಲ್ಲಿರಿ ಅಂತ ಕಂಪನಿಗಳೇ ಹೇಳುತ್ತವೆ. ನಾನು ಎರಡು ದಿನ ಅನ್ನುತ್ತೇನೆ. ಬ್ಯೂನಸ್ ಐರಿಸ್‌ನಲ್ಲಿ ಉಳಿದುಹೋದ ಸೂಟ್‌ಕೇಸ್ ಹಿಂದಿನಿಂದ ಬರಲು ಒಂದು ದಿನವಾದರೂ ಬೇಕು. ಅದರಲ್ಲೇ ನಿಮ್ಮ ದಪ್ಪ ಜಾಕೆಟ್ ಇರುತ್ತದೆ. ಹಡಗು ಹೊರಟ ಮೇಲೆ ಅದನ್ನು ತಂದು ಕೊಡಲು ಮುಂದಿನ ಬಂದರು ಅಂತ ಒಂದಿರುವುದಿಲ್ಲ.